ಸಬ್ಖಾ (ಉಪ್ಪು ನೆಲ) ಕೆಸರಿಂದ ಎಳೆಸಿದ ಮೇಲೆ ಗಾಡಿಗೆ ನಾಲ್ಕು ಕಾಯಿಲೆ, ಮಹೂತ್‌ನಿಂದ ಮಸ್ಕತ್‌ಗೆ ಓಡಿಸ್ಬಹುದಾ?

ಬಂದರ್‌ಹುಡುಗ (ಶುಕ್ರವಾರ ರಾತ್ರಿ 9.10)

ನಮಸ್ಕಾರ ಎಲ್ರಿಗೂ, ಸ್ವಲ್ಪ ಅರ್ಜೆಂಟ್ ಉಂಟು. ನಿನ್ನೆ ಇಲ್ಲಿ ಒಮಾನ್‌ನ ಬರ್ ಅಲ್ ಹಿಕ್ಮಾನ್ ತೀರದ ಕಡೆ ಹಕ್ಕಿ ನೋಡ್ಲಿಕ್ಕೆ ಅಂತ ಹೋಗಿದ್ದೆವು, ಚಳಿಗಾಲದಲ್ಲಿ ಅಲ್ಲಿ ಲಕ್ಷಗಟ್ಟಲೆ ಬರ್ತಾವೆ ಗೊತ್ತಲ್ಲ. ಶನ್ನಾ ರೋಡ್ ಬಿಟ್ಟು ಸಮುದ್ರದ ಕಡೆ ಒಂದು ಟೈರ್ ಗುರುತು ಹಿಡ್ಕೊಂಡು ಹೋದೆ, ಮೇಲಿಂದ ನೋಡಿದ್ರೆ ಸಿಮೆಂಟ್ ಅಂಗಳದ ಹಾಗೆ ಗಟ್ಟಿ ಇತ್ತು ಮಾರ್ರೆ, ಆ ಗುರುತು ಬಿಟ್ಟು ಐವತ್ತು ಮೀಟರ್ ಬಲಕ್ಕೆ ತಿರುಗಿಸಿದ್ದೇ ತಡ ಮುಂದಿನ ಎರಡೂ ಚಕ್ರ ಹಬ್‌ವರೆಗೆ ಹೋಯ್ತು. ನಾಲ್ಕು ಗಂಟೆ ಒದ್ದಾಟ. ಕೊನೆಗೆ ಮೀನು ಹಿಡಿಯೋರ ಪಿಕಪ್ ಬಂದು ಹಿಂದಿನ ಟೋ ಬಾಲ್‌ಗೆ ಹಗ್ಗ ಹಾಕಿ ಎಳೆದ್ರು, ದುಡ್ಡು ಕೊಟ್ರೆ ತಗೊಳ್ಳಲೂ ಇಲ್ಲ.

ಈಗ ಮಹೂತ್‌ನಲ್ಲಿ ರೂಮ್ ಮಾಡಿದ್ದೇನೆ. ಗಾಡಿ 2008ರ ಪೆಟ್ರೋಲ್ ವಿ6, ಲಿವರ್ ಇರೋ ಪಾರ್ಟ್ ಟೈಮ್ ಫೋರ್ ವೀಲ್. ಟಾರ್ ರೋಡಿಗೆ ಬಂದ ಮೇಲೆ 80 ದಾಟಿದ್ರೆ ಸ್ಟೀರಿಂಗ್ ನಡುಗ್ತದೆ. ಟೆಂಪರೇಚರ್ ಮುಳ್ಳು ಯಾವತ್ತೂ ಅರ್ಧ ದಾಟದ್ದು ಈಗ ಮುಕ್ಕಾಲು. ಬ್ಯಾಟರಿ ಲೈಟ್ ಹತ್ತಿದೆ, ಬೆಲ್ಟ್ ಕೀಂಯ್ ಅಂತ ಕೂಗ್ತದೆ. ಲಿವರ್ 2ಎಚ್‌ಗೆ (ಎರಡೇ ಚಕ್ರಕ್ಕೆ) ಹಾಕಿದ್ರೂ ಫೋರ್ ವೀಲ್ ಲೈಟ್ ಮಿಣಮಿಣ ಅಂತದೆ. ಇಲ್ಲಿನ ಒಂದು ಗ್ಯಾರೇಜಲ್ಲಿ ಬಾನೆಟ್ ತೆಗೆದು ನೋಡಿದ ಕೂಡ್ಲೇ ರೇಡಿಯೇಟರ್ ಹೋಯ್ತು, ಆಲ್ಟರ್ನೇಟರ್ ಹೋಯ್ತು, ಮಸ್ಕತ್‌ನಿಂದ ತರಿಸ್ಬೇಕು ಮೂರು ದಿನ ಅಂದ್ರು. ಭಾನುವಾರ ಡ್ಯೂಟಿ ಉಂಟು. ಎಂತ ಮಾಡುದು?

ಎರೆಹೊಲ (9.32)

ತಮ್ಮಾ, ಮೊದಲ ಏನೂ ಖರೀದಿ ಮಾಡಬ್ಯಾಡ. ನಾ ದುಖಂ ಸೈಟಿನಾಗ ನಾಕು ವರ್ಷ ಗಾಡಿ ನೋಡ್ಕೊಂಡಾಂವ. ನಿನ್ನ ಗಾಡಿಗೆ ನಾಕು ರೋಗ ಇಲ್ಲ, ಒಂದ ರೋಗ ಐತಿ, ಅದು ಕೆಸರು. ಸಬ್ಖಾ ಅಂದ್ರ ಮ್ಯಾಲೆ ಉಪ್ಪಿನ ಹಪ್ಪಳ ಒಳಗ ಹಲ್ವಾ. ನಮ್ಮ ಕಡೆ ಎರೆ ಹೊಲದಾಗ ಮಳಿ ಆದಮ್ಯಾಲೆ ಟ್ರ್ಯಾಕ್ಟರ್ ಇಳಿಸಿದ್ರ ಹೆಂಗ ಗಾಲಿಗೆ ಸುತ್ಕೋತೈತಿ ಹಂಗ, ಆದ್ರ ಎರೆ ಮಣ್ಣು ಒಣಗಿದ್ರ ಉದುರತೈತಿ, ಇದರಾಗ ಉಪ್ಪು ಐತಿ, ಬಿಟ್ರ ಕಬ್ಬಿಣ, ಅಲ್ಯುಮಿನಿಯಂ, ವೈರಿನ ತುದಿ ಎಲ್ಲಾ ತಿಂತೈತಿ.

ಎರಡು ಮಾತು ಹೇಳು. ಮುಳ್ಳು ಏರೂದು ಓಡುವಾಗೋ, ನಿಂತಾಗೋ? ಚಕ್ರದ ಒಳಮೈ ನೋಡಿಯೇನು, ಹೊರಗಿಂದಲ್ಲ, ಗಾಡಿ ಕೆಳಗ ಮಲಗಿ?

ಮತ್ತ ಆ ಟೋ ಬಾಲ್ ವಿಷಯ. ಇನ್ನೊಮ್ಮೆ ಅದಕ್ಕ ಹಗ್ಗ ಹಾಕಿದ್ರ ನಾ ನಿನಗ ಉತ್ತರಾನ ಬರಿಯಂಗಿಲ್ಲ. ಅದು ಟ್ರೇಲರ್ ಎಳಿಯಾಕ ಮಾಡಿದ್ದು, ಹೂತ ಗಾಡಿ ಕೀಳಾಕಲ್ಲ. ಮುರದ್ರ ಗುಂಡಿನಂಗ ಹಾರತೈತಿ, ಹಿಂಗ ಮಂದಿ ಸತ್ತಾರ. ಚಾಸಿಗೆ ಬೋಲ್ಟ್ ಆದ ರಿಕವರಿ ಹುಕ್ಕಿಗೇ ಹಾಕಬೇಕು.

ಬಂದರ್‌ಹುಡುಗ (9.41)

ಬೈದದ್ದು ಸರಿ ಅಣ್ಣ, ಗೊತ್ತಿರ್ಲಿಲ್ಲ. ಮುಳ್ಳು ಏರುದು ನೂರರಲ್ಲಿ ಓಡುವಾಗ, ನಿಲ್ಸಿದ್ರೆ ನಿಧಾನ ಇಳಿತದೆ. ಚಕ್ರದ ಒಳಗೆ ನೋಡ್ಲಿಲ್ಲ, ಹೊರಗೆ ನಿನ್ನೆಯೇ ತೊಳೆದಿದ್ದೆ.

ಎರೆಹೊಲ (9.58)

ಹಂಗಾದ್ರ ಫ್ಯಾನ್ ಚಲೋ ಐತಿ. ಫ್ಯಾನ್ ಕೆಟ್ಟಿದ್ರ ನಿಂತಾಗ ಕಾಯ್ತಿತ್ತು, ಓಡುವಾಗ ಗಾಳಿಗೆ ಇಳೀತಿತ್ತು. ನಿಂದು ಉಲ್ಟಾ, ಗಾಳಿ ಒಳಗ ಬರವಲ್ದು. ಮುಂದ ಎಸಿ ಕಂಡೆನ್ಸರ್, ಅದರ ಹಿಂದ ರೇಡಿಯೇಟರ್, ನಡುವ ಎರಡು ಬೆರಳ ಸಂದಿ, ಆ ಸಂದ್ಯಾಗ ಮಣ್ಣು ಕುಂತಿರತೈತಿ, ಮುಂದಿನಿಂದ ನೋಡಿದ್ರ ಕಾಣಂಗಿಲ್ಲ. ಇಂಜಿನ್ ಪೂರಾ ಆರಲಿ, ಬಿಸಿ ಇದ್ದಾಗ ನೀರು ಹಾಕಬ್ಯಾಡ. ಸಾದಾ ಪೈಪಿನ ನೀರು, ಇಂಜಿನ್ ಕಡೆಯಿಂದ ಹೊರಗ ಬರೂ ಹಂಗ ಬಿಡು. ಮುಂದಿನಿಂದ ಹೊಡದ್ರ ಮಣ್ಣು ಇನ್ನೂ ಒಳಗ ಹೊಕ್ಕತೈತಿ. ಪ್ರೆಶರ್ ವಾಷರ್ ಅಂತೂ ಬ್ಯಾಡ, ಫಿನ್ ಮಡಚ್ತಾವು. ಅರ್ಧ ತಾಸು ನೆನಸು, ಮತ್ತ ಬಿಡು, ಕೆಳಗ ಸ್ವಚ್ಛ ನೀರು ಬರೂತನಕ.

ನಡುಗೂದು ರಿಮ್ಮಿನ ಒಳಗ ಅಂಟಿದ ಮಣ್ಣಿಂದ. ಚಕ್ರ ಬಿಚ್ಚಿ ಕೆರೆದು ಹಾಕು. ನಟ್ ಬಿಗಿ ಮಾಡಿ 50 ಕಿಲೋಮೀಟರ್ ಆದಮ್ಯಾಲೆ ಮತ್ತೊಮ್ಮೆ ಬಿಗಿ ಮಾಡು.

ವೈರ್‌ಮ್ಯಾನ್ ಮೈಸೂರು (10.15)

ಕರೆಂಟಿನ ಭಾಗ ನಾನು ಹೇಳ್ತೀನಿ. ಮಲ್ಟಿಮೀಟರ್ ಸಿಗತ್ತಾ ನೋಡಿ. ಇಂಜಿನ್ ಆಫ್ ಇದ್ದಾಗ ಬ್ಯಾಟರಿ ಮೇಲೆ 12.6 ಹತ್ತಿರ ಇರಬೇಕು, ಸ್ಟಾರ್ಟ್ ಮಾಡಿದ್ಮೇಲೆ 13.8ರಿಂದ 14.4. ಸ್ಟಾರ್ಟ್ ಆದ್ಮೇಲೂ 12 ಚಿಲ್ಲರೆಯಲ್ಲೇ ಇದ್ರೆ ಚಾರ್ಜ್ ಆಗ್ತಿಲ್ಲ. ಆದ್ರೆ ಅಷ್ಟಕ್ಕೇ ಆಲ್ಟರ್ನೇಟರ್ ಸತ್ತೋಯ್ತು ಅನ್ನಕ್ಕಾಗಲ್ಲ, ಒಳಗೆ ಕಾರ್ಬನ್ ಬ್ರಶ್ ಇರತ್ತಲ್ಲ ಅದು ಸ್ಪ್ರಿಂಗ್ ಮೇಲೆ ಹಿಂದೆಮುಂದೆ ಆಡ್ತಿರಬೇಕು, ಕೆಸರು ಹೊಕ್ಕರೆ ಅಂಟ್ಕೊಂಡು ಕೂತುಬಿಡತ್ತೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಸಿಹಿನೀರು ಮೆಲ್ಲಗೆ ಹಾಕಿ ತೊಳೀರಿ, ರಾತ್ರಿಯಿಡೀ ಒಣಗಲಿ, ಸ್ಕ್ರೂಡ್ರೈವರ್ ಹಿಡಿಯಿಂದ ಬಾಡಿ ಮೇಲೆ ಮೆಲ್ಲಗೆ ತಟ್ಟಿ (ಹಳೇ ರೇಡಿಯೋಗೆ ತಟ್ತಿದ್ವಲ್ಲ ಹಾಗೆ, ನಗಬೇಡಿ, ಕೆಲ್ಸ ಮಾಡತ್ತೆ). ಬೆಲ್ಟು, ಪುಲ್ಲಿ ಕಾಲುವೆಗಳನ್ನ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಕೂಗೋದು ಅಲ್ಲಿಂದ.

ಫೋರ್ ವೀಲ್ ಲೈಟ್ ಮಿಣುಕೋದಕ್ಕೆ ಎರಡು ಕಾರಣ ಇರಬಹುದು. ಒಂದು, ಗಟ್ಟಿ ನೆಲದ ಮೇಲೆ ಫೋರ್ ವೀಲ್‌ನಲ್ಲೇ ಬಂದು ಹಲ್ಲುಗಳು ಬಿಗಿದುಕೊಂಡಿರೋದು. ನೇರವಾಗಿ ನಾಲ್ಕೈದು ಮೀಟರ್ ರಿವರ್ಸ್ ತಗೊಂಡ್ರೆ ಬಿಡತ್ತೆ. ಅದಾದ್ಮೇಲೆ ಜಲ್ಲಿ ನೆಲದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ, ಗಾಡಿ ಬ್ರೇಕ್ ಹಿಡಿದ ಹಾಗೆ ಜಗ್ಗದೇ ಇದ್ರೆ ನಿಜವಾಗ್ಲೂ 2ಎಚ್‌ಗೆ ಬಂದಿದೆ ಅಂತ, ಲೈಟ್ ಸುಳ್ಳು ಹೇಳ್ತಿದೆ. ಅದೇ ಎರಡನೇ ಕಾರಣ, ಆಗ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಮೇಲಿನ ಸ್ವಿಚ್ ಕನೆಕ್ಟರ್ ಬಿಚ್ಚಿ ತೊಳೆದು ಒಣಗಿಸಿ. ಜಗ್ಗಿದ್ರೆ ಮಾತ್ರ ಓಡಿಸಲೇಬೇಡಿ.

ಎರೆಹೊಲ (10.21)

ಒಂದು ಮರತಿದ್ದೆ, ಇದ ಎಲ್ಲಕ್ಕಿಂತ ಮುಖ್ಯ. ಹಿಂದಿನ ಡಿಫ್ (ಡಿಫರೆನ್ಷಿಯಲ್, ಎರಡು ಗಾಲಿ ನಡುವಿನ ಗೇರ್ ಡಬ್ಬಿ) ಎಣ್ಣಿ ನೋಡು. ಓಡಿ ಬಿಸಿಯಾದ ಡಿಫ್ ತಣ್ಣನ ಕೆಸರಾಗ ಕುಂತ್ರ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರು ಎಳಕೋತೈತಿ, ಉಸಿರಾಡೂ ಪೈಪು ಕಿತ್ತಿದ್ರ ಕೇಳೂದ ಬ್ಯಾಡ. ಮೊದಲ ಮೇಲಿನ ತುಂಬೂ ಪ್ಲಗ್ ಸಡಲಿಸು, ಅದು ಬಿಚ್ಚಿದ್ರ ಮಾತ್ರ ಕೆಳಗಿಂದಕ್ಕ ಕೈ ಹಾಕು, ಇಲ್ಲಂದ್ರ ಎಣ್ಣಿ ಖಾಲಿ ಮಾಡಿ ತುಂಬಾಕ ದಾರಿ ಇಲ್ದಂಗ ಕುಂದ್ರತಿ.

ಬಂದರ್‌ಹುಡುಗ (10.30)

ಡಿಫ್‌ನಿಂದ ಶಬ್ದ ಎಂತದ್ದೂ ಇಲ್ಲ ಅಣ್ಣ, ಅದನ್ನು ಮಸ್ಕತ್‌ಗೆ ಹೋಗಿಯೇ ನೋಡಿದ್ರೆ ಆಗುದಿಲ್ವಾ?

ಎರೆಹೊಲ (10.33)

ಶಬ್ದ ಬರೂದ್ರಾಗ ಮುಗದಿರತೈತಿ. ಪ್ಲಗ್ ತಗದು ಬೆರಳು ಹಾಕಿ ನೋಡು, ಐದು ನಿಮಿಷದ ಕೆಲಸ.

ಬಂದರ್‌ಹುಡುಗ (ಶನಿವಾರ ಮಧ್ಯಾಹ್ನ 1.05)

ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ದು. ಚಕ್ರದ ಒಳಗೆ ತಗಡು ಹಾಕಿದ ಹಾಗೆ ಗಟ್ಟಿ ಮಣ್ಣು, ದೋಸೆ ಸಟ್ಟುಗದಲ್ಲಿ ಕೆರೆದು ತೆಗೆದೆ (ಹೆಂಡತಿಗೆ ಹೇಳ್ಬೇಡಿ, ಅದು ಪಿಕ್ನಿಕ್ ಪೆಟ್ಟಿಗೆದು). ಎಡಗಡೆ ಮುಂದಿನದ್ದರಲ್ಲೇ ಒಂದು ಬುಟ್ಟಿಯಷ್ಟು. ರೇಡಿಯೇಟರ್‌ಗೆ ಹಿಂದಿನಿಂದ ನೀರು ಬಿಟ್ಟದ್ದಕ್ಕೆ ರಾಗಿ ಅಂಬಲಿ ಬಣ್ಣದ್ದು ಇಳಿತಾ ಇತ್ತು, ಮುಕ್ಕಾಲು ಗಂಟೆ. ಆಲ್ಟರ್ನೇಟರ್ ರಾತ್ರಿಯೇ ತೊಳೆದಿಟ್ಟಿದ್ದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ 12.2. ಎದೆ ಧಸಕ್ ಅಂತು. ತಟ್ಟಿದೆ. 13.9! ಬ್ಯಾಟರಿ ಲೈಟ್ ಆರಿತು. ರಿವರ್ಸ್ ತಗೊಂಡು ಸುತ್ತು ಹಾಕಿದೆ, ಜಗ್ಗುದಿಲ್ಲ. ಕನೆಕ್ಟರ್ ಒಳಗೆ ಉಪ್ಪು ಬೆಳ್ಳಗೆ ಕೂತಿತ್ತು, ತೊಳೆದು ಒಣಗಿಸಿದ್ದಕ್ಕೆ ಆ ಲೈಟೂ ಆರಿತು.

ಮತ್ತೆ ಡಿಫ್. ಅಣ್ಣ, ಬೆರಳು ಹಾಕಿ ತೆಗೆದ್ರೆ ಎಣ್ಣೆಗೆ ನೀರು ಸೇರಿ ಹಾಲು ಹಾಕಿದ ಚಹಾದ ಹಾಗೆ. ಉಸಿರು ಪೈಪು ಮೇಲಿನ ತುದಿಯಲ್ಲಿ ಕಿತ್ತು ನೇತಾಡ್ತಾ ಇತ್ತು. ಹಾಗೇ ಮುನ್ನೂರು ಕಿಲೋಮೀಟರ್ ಮೇಲೆ ಓಡಿಸ್ತಿದ್ದೆ ನಾನು. ಇಲ್ಲೇ ಒಂದು ಅಂಗಡಿಯಲ್ಲಿ 80ಡಬ್ಲ್ಯೂ-90 ಗೇರ್ ಆಯಿಲ್ ಸಿಕ್ತು, ಬದಲಿಸಿ ಪೈಪು ಕ್ಲಿಪ್ ಹಾಕಿ ಕಟ್ಟಿದೆ.

ಎರೆಹೊಲ (1.20)

ಶಾಭಾಷ್. ಮುಂದಿನ ಡಿಫ್, ಟ್ರಾನ್ಸ್‌ಫರ್ ಕೇಸೂ ನೋಡು, ಅಲ್ಲೂ ಬೆಳ್ಳಗ ಇದ್ರ ಅದನ್ನೂ ಬದಲಿಸು. 90 ದಾಟಬ್ಯಾಡ, ದಾರ್‍ಯಾಗ ಒಮ್ಮೆ ನಿಂತು ನಟ್ ಬಿಗಿ ಮಾಡು. ಮಸ್ಕತ್ ಮುಟ್ಟಿದಮ್ಯಾಲೆ ಆ ಎಣ್ಣಿ ಮತ್ತೊಮ್ಮೆ ಚೆಲ್ಲಿ ಹೊಸಾದು ಹಾಕು, ಉಳಿದ ನೀರು ಅದರ ಕೂಡ ಹೋಗ್ತೈತಿ. ಗಾಡಿ ಕೆಳಗ ಎರಡು ಮೂರು ಸಲ ಸಿಹಿನೀರು ಹೊಡಸು.

ವೈರ್‌ಮ್ಯಾನ್ ಮೈಸೂರು (1.34)

ಬ್ರಶ್ ಈಗ ಆಡ್ತಿದೆ ಅಂತ ಮರೆತುಬಿಡಬೇಡಿ, ಮಣ್ಣು ತಿಂದು ಸವೆದಿರತ್ತೆ. ಬ್ರಶ್ ಒಂದನ್ನೇ ಬದಲಿಸಬಹುದು, ಇಡೀ ಆಲ್ಟರ್ನೇಟರ್ ಬೇಕಿಲ್ಲ. ಅಂದಹಾಗೆ ಟೈರ್‌ನಲ್ಲಿ ಗಾಳಿ ಎಷ್ಟಿತ್ತು?

ಬಂದರ್‌ಹುಡುಗ (ಶನಿವಾರ ರಾತ್ರಿ 8.50)

ಮನೆ ಮುಟ್ಟಿದೆ. ಸಿನಾವ್‌ನಲ್ಲಿ ನಿಂತು ನಟ್ ನೋಡಿದೆ, ಎರಡು ನಟ್ ಕಾಲು ಸುತ್ತಿನಷ್ಟು ತಿರುಗಿದವು. ಮುಳ್ಳು ಅರ್ಧದಲ್ಲೇ. ಮುಂದಿನ ಡಿಫ್ ಎಣ್ಣೆ ಸರಿ ಇತ್ತು.

ಗಾಳಿ 35 ಪಿಎಸ್‌ಐ ಇತ್ತು. ಇಳಿಸ್ಲಿಕ್ಕೆ ಮರೆತದ್ದಲ್ಲ, ಮತ್ತೆ ತುಂಬ್ಲಿಕ್ಕೆ ಬೇಕಾದ ಪಂಪ್ ಮನೆಯಲ್ಲಿ ಬಿಟ್ಟು ಹೋಗಿದ್ದೆ.

ಎರೆಹೊಲ (8.57)

ಹಾಂ, ಈಗ ಪೂರಾ ಕಥಿ ಹೊರಗ ಬಂತು. 18ಕ್ಕ ಇಳಿಸಿದ್ರೂ ಸಬ್ಖಾದಾಗ ಗುರುತು ಬಿಟ್ಟು ತಿರುಗಿಸಿದ್ರ ಹೂಳತೈತಿ ತಮ್ಮಾ, ಹೊರಗ ಬರಾಕ ಸಲೀಸು ಆಗತಿತ್ತು ಅಷ್ಟ. ಹಕ್ಕಿ ಕಂಡುವೇನು?

ಬಂದರ್‌ಹುಡುಗ (9.02)

ಕಂಡವು. ನಾಲ್ಕು ಗಂಟೆ ಅಲ್ಲೇ ಇದ್ದೆವಲ್ಲ.