ಡಾರ್ಕ್ ಮೋಡ್ ಹಾಕಿದ ಮೇಲೆ ಕಣ್ಣಿಗೆ ತೊಂದರೆ ಇನ್ನೂ ಜಾಸ್ತಿ, ಏನು ಮಾಡಲಿ?

ಕರಡುತಿದ್ದುವವ:
ನನ್ನದು ಕನ್ನಡ ಪ್ರೂಫ್ ನೋಡುವ ಕೆಲಸ. ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತದೆ, ಹಣೆ ಹಿಡಿದುಕೊಳ್ಳುತ್ತದೆ. ಎಲ್ಲರೂ ಹೇಳುತ್ತಾರಲ್ಲ ಅಂತ ವಿಂಡೋಸ್ 11ರಲ್ಲಿ ಡಾರ್ಕ್ ಮೋಡ್ (ಕಪ್ಪು ಹಿನ್ನೆಲೆ, ಬಿಳಿ ಅಕ್ಷರ) ಹಾಕಿದೆ. ಈಗ ಅಕ್ಷರಗಳೇ ಹರಡಿಕೊಂಡ ಹಾಗೆ ಕಾಣುತ್ತಿವೆ. ಪ, ಷ, ಫ ಮೂರೂ ಒಂದೇ ತರ. ಒತ್ತಕ್ಷರಗಳಂತೂ ಬರೀ ಬಿಳಿ ಚುಕ್ಕೆ. ಮೇಜು ಕಿಟಕಿ ಪಕ್ಕ ಇದೆ, ಮಾನಿಟರ್ ಮಾಮೂಲಿ ಎಲ್‌ಸಿಡಿ. ಯಾವ ಸೆಟ್ಟಿಂಗ್ ಬದಲಾಯಿಸಬೇಕು?

ಹಳೇಮಾನಿಟರ್:
ಕಿಟಕಿ ಪಕ್ಕ ಕೂತು ಹಗಲಲ್ಲಿ ಡಾರ್ಕ್ ಮೋಡ್ ಯಾಕೆ ಸರ್? ಕಪ್ಪು ಪರದೆ ಮೇಲೆ ಕಿಟಕಿ, ನಿಮ್ಮ ಅಂಗಿ ಎಲ್ಲ ಕಾಣುತ್ತದೆ. ಜೊತೆಗೆ ಕಪ್ಪು ಹಿನ್ನೆಲೆ ನೋಡುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ. ಆಗ ಕಣ್ಣಲ್ಲಿರುವ ಸಣ್ಣ ದೋಷವೂ ಎದ್ದು ಕಾಣುತ್ತದೆ. ಕನ್ನಡಕದ ಚೀಟಿ ಇದ್ದರೆ ‘ಸಿವೈಎಲ್’ ಅನ್ನುವ ಕಾಲಂ ನೋಡಿ. ನಂಬರ್ ಇದೆಯಾ?

ಕರಡುತಿದ್ದುವವ:
ಇದೆ, ಬಲಗಣ್ಣಿಗೆ -1.25. ಆದರೆ ಕಂಪ್ಯೂಟರ್ ಮುಂದೆ ಕನ್ನಡಕ ಹಾಕುವುದಿಲ್ಲ. ಹತ್ತಿರದ್ದು ಕಾಣುತ್ತದಲ್ವಾ ಅಂತ.

ಹಳೇಮಾನಿಟರ್:
ಅದು ಸಿಲಿಂಡರ್ ಪವರ್, ಅಂದರೆ ಅಸ್ಟಿಗ್ಮಾಟಿಸಂ, ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿರುವುದು. ಹತ್ತಿರ, ದೂರ ಎರಡನ್ನೂ ಮಸುಕು ಮಾಡುತ್ತದೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಇದ್ದರೆ ಸುತ್ತ ನೆರಳು ಹರಡುವುದು ಇದರಿಂದಲೇ ಜಾಸ್ತಿ. ಎಡಗಣ್ಣು ಮುಚ್ಚಿಕೊಂಡು ಒಂದು ‘ಷ’ ನೋಡಿ, ಕನ್ನಡಕ ಇಲ್ಲದೆ ಒಮ್ಮೆ, ಹಾಕಿಕೊಂಡು ಒಮ್ಮೆ. ಚೀಟಿ ಹಳೆಯದಾಗಿದ್ದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ.

ಸೆಟ್ಟಿಂಗ್ ವಿಷಯ: ಪರ್ಸನಲೈಸೇಶನ್, ಕಲರ್ಸ್‌ನಲ್ಲಿ ‘ಕಸ್ಟಮ್’ ಆರಿಸಿ. ಟಾಸ್ಕ್‌ಬಾರ್ ಕಪ್ಪಗಿರಲಿ, ಆ್ಯಪ್‌ಗಳು ಬಿಳಿ ಇರಲಿ. ಆಮೇಲೆ ಒಂದು ಬಿಳಿ ಹಾಳೆಯನ್ನು ಮಾನಿಟರ್ ಪಕ್ಕ ಹಿಡಿಯಿರಿ. ಸ್ಕ್ರೀನ್ ಹಾಳೆಗಿಂತ ಟ್ಯೂಬ್‌ಲೈಟ್ ತರ ಹೊಳೆದರೆ ಬ್ರೈಟ್‌ನೆಸ್ ಇಳಿಸಿ. ಹಾಳೆಗಿಂತ ಮಂಕಾಗಿದ್ದರೆ ಏರಿಸಿ.

ರಾತ್ರಿಪಾಳಿ:
ನಾನು ಡಾರ್ಕ್ ಮೋಡ್ ಪಕ್ಷ, ಆದರೆ ರಾತ್ರಿ ಮಾತ್ರ. ಅಚ್ಚ ಕಪ್ಪು ಬೇಡ. ಕಡು ಬೂದು ಹಿನ್ನೆಲೆ, ಸ್ವಲ್ಪ ಮಾಸಿದ ಬಿಳಿ ಅಕ್ಷರ ಹಿತವಾಗಿರುತ್ತದೆ. ಆ್ಯಪ್ ವಿನ್ಯಾಸಕ್ಕೆ ಗೂಗಲ್ ಕೊಡುವ ಮಾರ್ಗಸೂಚಿ ಮೆಟೀರಿಯಲ್ ಡಿಸೈನ್ ಕೂಡ ಅಚ್ಚ ಕಪ್ಪು ಬಿಟ್ಟು ಕಡು ಬೂದು ಬಣ್ಣ (ಕೋಡ್ #121212) ಸೂಚಿಸಿತ್ತು. ಡಾರ್ಕ್ ಮೋಡ್‌ನಿಂದ ಬ್ಯಾಟರಿ ಉಳಿಯುತ್ತದೆ ಅನ್ನುವ ಮಾತು ಓಎಲ್ಇಡಿಗೆ (ಪ್ರತಿ ಚುಕ್ಕೆಯೂ ತಾನೇ ಬೆಳಗುವ ಪರದೆಗೆ) ಸರಿ. ನಿಮ್ಮ ಎಲ್‌ಸಿಡಿಯಲ್ಲಿ ಹಿಂದಿನ ಲೈಟ್ ಹೇಗೂ ಉರಿಯುತ್ತಲೇ ಇರುತ್ತದೆ.

ಇನ್ನು ಉರಿ. ಅದಕ್ಕೆ ಬಣ್ಣಕ್ಕಿಂತ ರೆಪ್ಪೆ ಕಾರಣ. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸುವುದು ತುಂಬಾ ಕಡಿಮೆ, ಕಣ್ಣು ಒಣಗುತ್ತದೆ. ಫ್ಯಾನ್ ಗಾಳಿ ನೇರ ಮುಖಕ್ಕೆ ಬರುತ್ತಿದ್ದರೆ ಕೇಳುವುದೇ ಬೇಡ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ. ನಿಮಗೆ ಕಿಟಕಿ ಇದೆ, ಪುಣ್ಯವಂತರು.

ಕರಡುತಿದ್ದುವವ:
ಕನ್ನಡಕ ಹಾಕಿದರೆ ‘ಷ’ದ ಹೊಟ್ಟೆಯೊಳಗಿನ ಗೆರೆ ಸ್ಪಷ್ಟ! ಬ್ರೈಟ್‌ನೆಸ್ ಕೂಡ ಬಹಳ ಇಳಿಸಬೇಕಾಯಿತು. ಹಣೆ ನೋವು ಇಲ್ಲ, ಉರಿ ಸ್ವಲ್ಪ ಇದೆ. ಒಂದೇ ಪ್ರಶ್ನೆ: ರಾತ್ರಿ ಸ್ಕ್ಯಾನ್ ಮಾಡಿದ ಹಳೆ ಪುಸ್ತಕದ ಪಿಡಿಎಫ್ ತೆರೆದರೆ ಡಾರ್ಕ್ ಮೋಡ್‌ನಲ್ಲೂ ಪುಟ ಬೆಳ್ಳಗೇ ಇರುತ್ತದೆ.

ರಾತ್ರಿಪಾಳಿ:
ಅದು ಪುಟದ ಫೋಟೋ. ಪಿಡಿಎಫ್ ಓದುವ ಅಕ್ರೊಬ್ಯಾಟ್‌ನಲ್ಲಿ ಅಕ್ಷರದ ಬಣ್ಣ ಬದಲಿಸಿದರೂ ಅದಕ್ಕೆ ತಾಗುವುದಿಲ್ಲ. ವಿಂಡೋಸ್ ಸೆಟ್ಟಿಂಗ್‌ನಲ್ಲೇ ಆ್ಯಕ್ಸೆಸಿಬಿಲಿಟಿಯ ಕಲರ್ ಫಿಲ್ಟರ್ಸ್‌ನಲ್ಲಿ ‘ಇನ್ವರ್ಟೆಡ್’ ಆರಿಸಿ, ಅಲ್ಲೇ ಕೀಬೋರ್ಡ್ ಶಾರ್ಟ್‌ಕಟ್ ಆನ್ ಮಾಡಿ. ಮುಂದೆ ವಿಂಡೋಸ್+ಕಂಟ್ರೋಲ್+ಸಿ ಒತ್ತಿದರೆ ಸಾಕು. ಪೂರ್ತಿ ಸ್ಕ್ರೀನ್ ತಿರುಗುತ್ತದೆ, ಚಿತ್ರಗಳೆಲ್ಲ ನೆಗೆಟಿವ್ ಆಗಿ ಕಾಣುತ್ತವೆ. ಓದು ಮುಗಿದ ಮೇಲೆ ಅದನ್ನೇ ಇನ್ನೊಮ್ಮೆ ಒತ್ತಿ.