ಸಿಂಗಪುರದ ಕೋಪಿ ಪುಡಿ ನಮ್ಮ ಫಿಲ್ಟರ್‌ನಲ್ಲಿ ಯಾಕೆ ನೀರುನೀರಾಗುತ್ತೆ?

ಲೋಟ_ಬಟ್ಟಲು (ಪ್ರಶ್ನೆ)

ಸಿಂಗಪುರದ ಹಳೇ ಬಡಾವಣೆಯ ಒಂದು ಕೋಪಿಟಿಯಂನಿಂದ (ಕಾಫಿ ಅಂಗಡಿ) ಕಾಲು ಕಿಲೋ ಕಾಫಿಪುಡಿ, ಜೊತೆಗೆ ಅವರು ಸೋಸುವ ಬಟ್ಟೆಚೀಲ ತಂದಿದ್ದೇನೆ. ಅಲ್ಲಿ ಕಪ್ಪಿನ ತಳಕ್ಕೆ ಗಟ್ಟಿಹಾಲು (ಸಿಹಿ ಕಂಡೆನ್ಸ್ಡ್ ಮಿಲ್ಕ್) ಹಾಕಿ, ಉದ್ದ ಮೂತಿಯ ಕೆಟಲ್‌ನಿಂದ ಕಪ್ಪನೆಯ ಡಿಕಾಕ್ಷನ್ ಸುರಿದು ಕೊಡುತ್ತಾರೆ. ಮನೆಯಲ್ಲಿ ಸ್ಟೀಲ್ ಫಿಲ್ಟರ್‌ಗೆ ಮೂರು ಚಮಚ ಹಾಕಿದರೆ ಐದೇ ನಿಮಿಷಕ್ಕೆ ಪೂರ್ತಿ ಇಳಿದುಬಿಡುತ್ತೆ, ಹಾಲು ಬೆರೆಸಿದರೆ ಬೂದಿ ಬಣ್ಣ. ಬಟ್ಟೆಚೀಲಕ್ಕೆ ನಾಲ್ಕನೇ ದಿನಕ್ಕೇ ಹಳಸಿದ ಎಣ್ಣೆ ವಾಸನೆ. ತಪ್ಪು ಎಲ್ಲಿ?

ಇನ್ನೊಂದು ವಿಷಯ. ಮುಂದಿನ ತಿಂಗಳು ಅಪ್ಪ ಅಮ್ಮ ಅಲ್ಲಿಗೆ ಹೋಗುತ್ತಿದ್ದಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮ ಮೊಟ್ಟೆ ಮುಟ್ಟುವುದಿಲ್ಲ. ಏನಂತ ಹೇಳಿ ಕೇಳಬೇಕು?

ಬೀಜ_ಹುರಿಯುವವ

ಪುಡಿ ಕೆಟ್ಟಿಲ್ಲ, ಜೋಡಿ ತಪ್ಪಿದೆ. ನಮ್ಮ ಫಿಲ್ಟರ್ ಪುಡಿ ಸಣ್ಣಗಿರುತ್ತೆ, ಸಾಮಾನ್ಯವಾಗಿ ಚಿಕೋರಿಯೂ ಸೇರಿರುತ್ತೆ. ಬಿಸಿನೀರು ಬಿದ್ದಾಗ ಅದು ನೀರನ್ನು ಹಿಡಿದು ನಿಲ್ಲಿಸಿಕೊಳ್ಳುತ್ತೆ, ಅದಕ್ಕೇ ಡಿಕಾಕ್ಷನ್ ತೊಟ್ಟು ತೊಟ್ಟಾಗಿ, ಮಂದವಾಗಿ ಇಳಿಯೋದು. ಕೋಪಿ ಪುಡಿಯ ಜಾತಿಯೇ ಬೇರೆ. ಬೀಜ ಬಹುಪಾಲು ರೊಬಸ್ಟಾ. ಹುರಿಯುವಾಗ ಸಕ್ಕರೆ, ಮಾರ್ಗರಿನ್ (ಬೆಣ್ಣೆಯಂಥ ಕೃತಕ ಕೊಬ್ಬು) ಸೇರಿಸಿ ಬೀಜದ ಮೇಲೆ ಕರಿಪಾಕದ ಕವಚ ಕಟ್ಟಿಸುತ್ತಾರೆ, ಆಮೇಲೆ ತರಿತರಿಯಾಗಿ ಪುಡಿ ಮಾಡುತ್ತಾರೆ. ನಮ್ಮ ಫಿಲ್ಟರ್‌ನಲ್ಲಿ ಅದರ ನಡುವೆ ನೀರು ನಿಲ್ಲದೆ ಓಡಿಹೋಗುತ್ತೆ. ಈ ಪುಡಿ ನೀರಿನಲ್ಲಿ ನೆನೆಯಬೇಕು.

50 ಗ್ರಾಂ ಪುಡಿಗೆ 500 ಮಿ.ಲೀ. ನೀರು. ಒದ್ದೆ ಮಾಡಿ ಹಿಂಡಿದ ಚೀಲವನ್ನು ಒಂದು ಪಾತ್ರೆಯೊಳಗೆ ಇಳಿಬಿಟ್ಟು, ಪುಡಿ ಹಾಕಿ, ಕುದಿಯುವ ನೀರು ಸುರಿಯಿರಿ. ಚಮಚದಲ್ಲಿ ತಳದವರೆಗೆ ಕಲಕಿ, ಮುಚ್ಚಿ, 4–5 ನಿಮಿಷ ಬಿಡಿ. ಚೀಲ ಎತ್ತಿ ಇನ್ನೊಂದು ಪಾತ್ರೆಗಿಟ್ಟು ಅದೇ ಡಿಕಾಕ್ಷನ್ ಮತ್ತೊಮ್ಮೆ ಸುರಿಯಿರಿ. ಎರಡು ಸಲ ಸಾಕು, ಮತ್ತೂ ಸುರಿದರೆ ಬರೀ ಕಹಿ. ಚೀಲವನ್ನು ಹಿಂಡಲೇಬೇಡಿ, ಹಿಂಡಿದರೆ ಗಸಿ ಇಳಿದು ಬಾಯಿಗೆ ಮರಳು ಮರಳಾಗುತ್ತೆ. ಪುಡಿ ಹೀರಿಕೊಂಡದ್ದು ಹೋಗಿ ಸುಮಾರು 400 ಮಿ.ಲೀ. ಸಿಗುತ್ತೆ, ನಾಲ್ಕು ಕಪ್ಪಿಗಾಯಿತು.

ಕಪ್ಪಿಗೆ ಎರಡು ದೊಡ್ಡ ಚಮಚ ಮಿಲ್ಕ್‌ಮೇಡ್, 100 ಮಿ.ಲೀ. ಡಿಕಾಕ್ಷನ್, ಮೇಲೆ 40–50 ಮಿ.ಲೀ. ಕುದಿನೀರು. ಬೂದಿ ಬಣ್ಣ ಬಂದದ್ದು ತೆಳು ಡಿಕಾಕ್ಷನ್‌ಗೆ ಮಾಮೂಲಿ ಹಾಲು ಬೆರೆಸಿದ್ದಕ್ಕೆ. ಗಟ್ಟಿಹಾಲಿನಲ್ಲಿ ಕೆಂಪು ಕಂದು ಬರಲೇಬೇಕು. ಕೋಪಿಗೆ ಹಾಲು ಕಾಯಿಸಿ ಹಾಕುವುದಿಲ್ಲವಲ್ಲ, ಹಾಗಾಗಿ ಬಿಸಿ ಬೇಗ ಇಳಿಯುತ್ತೆ. ಅಲ್ಲಿಯವರು ದಪ್ಪ ಪಿಂಗಾಣಿ ಕಪ್ಪನ್ನು ಬಿಸಿನೀರಲ್ಲಿ ಅದ್ದಿ ತೆಗೆಯುವುದು ಅದಕ್ಕೇ. ನೀವೂ ಹಾಗೇ ಮಾಡಿ, ಡಬ್ಬಿಯ ಹಾಲನ್ನು ಫ್ರಿಜ್‌ನಿಂದ ಮೊದಲೇ ಹೊರಗಿಡಿ.

ಮರೀನಾ_ಕನ್ನಡಿಗ

ಆರ್ಡರ್ ಬಗ್ಗೆ. 'ಕೋಪಿ' ಮಲಯ ಮಾತು, 'ಟಿಯಂ' ಅಂದರೆ ಚೀನೀ ಉಪಭಾಷೆಯಾದ ಹೊಕ್ಕಿಯನ್‌ನಲ್ಲಿ ಅಂಗಡಿ. ಅಲ್ಲಿ 'ಕೋಪಿ' ಅಂತಷ್ಟೇ ಹೇಳಿದರೆ ಸಿಹಿ ಗಟ್ಟಿಹಾಲಿನದ್ದೇ ಬರುತ್ತೆ. 'ಕೋಪಿ-ಓ' ಹಾಲಿಲ್ಲದ್ದು, ಆದರೆ ಸಕ್ಕರೆ ಹಾಕಿರುತ್ತಾರೆ. ಇದರಲ್ಲೇ ನಮ್ಮವರು ಮೋಸಹೋಗೋದು. 'ಕೋಪಿ-ಸಿ' ಅಂದರೆ ಸಿಹಿಯಿಲ್ಲದ ಇವಾಪೊರೇಟೆಡ್ ಹಾಲು (ನೀರಿನಂಶ ಇಂಗಿಸಿದ್ದು), ಸಕ್ಕರೆ ಬೇರೆಯಾಗಿ ಸೇರಿಸಿದ್ದು. 'ಕೋಸೊಂಗ್' ಅಂದರೆ ಖಾಲಿ, ಅಂದರೆ ಸಕ್ಕರೆ ಬೇಡ. 'ಸ್ಯೂ ಡೈ' ಅಂದರೆ ಸಿಹಿ ಕಡಿಮೆ, 'ಗಾವ್' ಸ್ಟ್ರಾಂಗ್, 'ಪೋ' ಲೈಟ್, 'ಪೆಂಗ್' ಐಸ್ ಹಾಕಿದ್ದು. ಹೀಗೆ ಒಂದರ ಹಿಂದೊಂದು ಪೋಣಿಸಬೇಕು: 'ಕೋಪಿ-ಸಿ ಸ್ಯೂ ಡೈ ಪೆಂಗ್'.

ನಿಮ್ಮ ತಂದೆಯವರು 'ಕೋಪಿ-ಓ ಕೋಸೊಂಗ್' ಅಥವಾ 'ಕೋಪಿ-ಸಿ ಕೋಸೊಂಗ್' ಅನ್ನಲಿ. ಬರೀ 'ಕೋಪಿ ಕೋಸೊಂಗ್' ಅಂದರೆ ಗೊಂದಲ, ಗಟ್ಟಿಹಾಲಲ್ಲೇ ಸಕ್ಕರೆ ಇರುತ್ತೆ. ಹುರಿಯುವಾಗ ಹಾಕಿದ ಸಕ್ಕರೆ ಬಹಳಷ್ಟು ಕರಕಲಾಗಿರುತ್ತೆ, ಆದರೂ ಪೂರ್ತಿ ಸಕ್ಕರೆರಹಿತ ಅಂತ ಲೆಕ್ಕ ಹಾಕಬೇಡಿ.

ತಾಯಿಯವರಿಗೆ ಮುಖ್ಯವಾದ ಮಾತು: ಟೋಸ್ಟ್‌ಗೆ ಹಚ್ಚುವ ಹಸಿರು ಅಥವಾ ಕಂದು 'ಕಾಯಾ' ನೋಡಲು ಜಾಮ್‌ನಂತೆ, ಆದರೆ ಅದು ತೆಂಗಿನಹಾಲು, ಸಕ್ಕರೆ, ಮೊಟ್ಟೆಯಿಂದ ಮಾಡಿದ್ದು, ಘಮಕ್ಕೆ ಪಾಂಡನ್ ಎಲೆ ಹಾಕಿರುತ್ತಾರೆ. ಬೆಣ್ಣೆ ಮಾತ್ರ ಹಚ್ಚಿ ಅಂತ ಕೇಳಿ, ಬೇರೆ ಚಾಕು ಬಳಸಲು ಹೇಳಿ. ಬೀಜ ಹುರಿಯಲು ಹಿಂದೆ ಹಂದಿಕೊಬ್ಬನ್ನೂ ಬಳಸುತ್ತಿದ್ದರು, ಈಗ ಸಾಮಾನ್ಯವಾಗಿ ಮಾರ್ಗರಿನ್. ಕಟ್ಟುನಿಟ್ಟಾಗಿದ್ದರೆ ಹಲಾಲ್ ಗುರುತಿರುವ ಪುಡಿ ಬಳಸುವ ಅಂಗಡಿ ಹುಡುಕುವುದು ಸುಲಭದ ದಾರಿ. ಕುಡಿದಾದ ಮೇಲೆ ಟ್ರೇಯನ್ನು ನಾವೇ ವಾಪಸ್ ಇಡಬೇಕು. ತಿಂಡಿ ಮಳಿಗೆಗಳು ಒಂದೆಡೆ ಇರುವ ಹಾಕರ್ ಸೆಂಟರ್‌ಗಳಲ್ಲಿ 2021ರಿಂದ ಅದು ಕಡ್ಡಾಯ.

ಲೋಟ_ಬಟ್ಟಲು

50 ಗ್ರಾಂ ಲೆಕ್ಕದಲ್ಲಿ ಬಣ್ಣ ಸರಿಬಂತು, ಇಬ್ಬರಿಗೂ ಧನ್ಯವಾದ. ಚೀಲದ ವಾಸನೆಗೆ ಏನು ಮಾಡಲಿ? ಪುಡಿ ಮುಗಿದ ಮೇಲೆ ಕೊಡಗಿನ ರೊಬಸ್ಟಾದಲ್ಲೇ ಮಾಡಬಹುದಾ?

ಕಾಪಿ_ಬಟ್ಟೆ

ಬಟ್ಟೆಯಲ್ಲಿ ಸೋಸುವುದು ನಮಗೇನು ಹೊಸದಲ್ಲ, ನಮ್ಮ ಎಷ್ಟೋ ಹೋಟೆಲುಗಳಲ್ಲಿ ಡಿಕಾಕ್ಷನ್ ಇಳಿಯೋದು ಬಟ್ಟೆಯಲ್ಲೇ. ನಿಯಮವೂ ಒಂದೇ: ಸೋಪು ತಾಗಿಸಬಾರದು. ವಾಸನೆ ಬರುವುದು ನೂಲಿನಲ್ಲಿ ಉಳಿದ ಕಾಫಿ ಎಣ್ಣೆ ಹಳಸಿ. ಇದರಲ್ಲಿ ಮಾರ್ಗರಿನ್ ಬೇರೆ ಇರುವುದರಿಂದ ಇನ್ನೂ ಬೇಗ. ಬಳಸಿದ ಕೂಡಲೇ ಚೀಲ ಮಗುಚಿ, ಬಿಸಿನೀರಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಿರಿ. ವಾರಕ್ಕೊಮ್ಮೆ ಹತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ. ಮಳೆಗಾಲದಲ್ಲಿ ಒಣಗದಿದ್ದರೆ ತಣ್ಣೀರಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಟ್ಟು ದಿನಾ ನೀರು ಬದಲಿಸಿ. ಅರೆಒದ್ದೆಯಾಗಿ ಸಿಂಕ್ ಪಕ್ಕ ನೇತುಹಾಕಿದರೆ ಬೂಷ್ಟು ಖಾತ್ರಿ. ಸೋಸುವುದು ನಿಧಾನವಾದರೆ ಚೀಲದ ಆಯಸ್ಸು ಮುಗಿಯಿತು ಅಂತ ತಿಳಿಯಿರಿ. ಹೊಸದನ್ನು ಹಳೇ ಕಾಫಿ ಚರಟದ ಜೊತೆ ಒಂದು ಸಲ ಕುದಿಸಿದರೆ ಗಂಜಿಯ ರುಚಿ ಹೋಗುತ್ತೆ.

ಕೊಡಗಿನ ರೊಬಸ್ಟಾ ಚೆನ್ನಾಗೇ ಆಗುತ್ತೆ. ದಪ್ಪ ತಳದ ಬಾಣಲೆಯಲ್ಲಿ 250 ಗ್ರಾಂ ಬೀಜವನ್ನು ಗಾಢ ಕಂದು ಬರುವವರೆಗೆ ಹುರಿದು, ಕೊನೆಯ ಎರಡು ಮೂರು ನಿಮಿಷದಲ್ಲಿ 35 ಗ್ರಾಂ ಸಕ್ಕರೆ, 8–10 ಗ್ರಾಂ ಬೆಣ್ಣೆ ಹಾಕಿ ಕೈ ಬಿಡದೆ ಕೆದಕಿ. ಮೊದಲೇ ಸಕ್ಕರೆ ಹಾಕಿದರೆ ಬೀಜ ಹುರಿಯುವ ಮೊದಲು ಅದು ಸುಟ್ಟುಹೋಗುತ್ತೆ. ಹೊಗೆ ವಿಪರೀತ, ಕಿಟಕಿ ತೆರೆದಿಡಿ, ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಅಂಚುಳ್ಳ ತಟ್ಟೆಗೆ ಸುರಿದು ತಕ್ಷಣ ಹರಡಿ, ತಡಮಾಡಿದರೆ ಚಿಕ್ಕಿಯಂತೆ ಒಂದೇ ಹಲಗೆ. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ತಡೆತಡೆದು ತಿರುವಿ, ಸಣ್ಣ ರವೆಯಷ್ಟು ತರಿ ಇರಲಿ. ಒಂದೇ ಸಮ ಓಡಿಸಿದರೆ ಬಿಸಿಗೆ ಪಾಕ ಕರಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತೆ. ಪುಡಿ ಗಾಳಿಯ ತೇವಕ್ಕೆ ಗಂಟುಕಟ್ಟುತ್ತೆ, ಬಿಗಿ ಮುಚ್ಚಳದ ಡಬ್ಬಿಯೇ ಬೇಕು.

ಕೋಪಿ-ಸಿ ಮಾಡುವುದಿದ್ದರೆ ಅರ್ಧ ಲೀಟರ್ ಹಾಲನ್ನು ಸಣ್ಣ ಉರಿಯಲ್ಲಿ ಕೆನೆ ಕಟ್ಟದಂತೆ ಕಲಕುತ್ತಾ 200 ಮಿ.ಲೀ.ಗೆ ಇಳಿಸಿ. ಇವಾಪೊರೇಟೆಡ್ ಹಾಲಿನ ಹದ ಅದೇ.