ಇಫ್ ಬಂದಾಗ ವಿಲ್ಲೋ, ವುಡ್ಡೋ?

ಕೇಳಿದವರು: ನಮ್ಮೂರು ಮಂಡ್ಯದ ಹತ್ತಿರ. ಓದಿದ್ದು ಕನ್ನಡ ಮೀಡಿಯಂ. ಈಗ ಮೈಸೂರಿನಲ್ಲಿ ಕೆಲಸ. ಇಂಗ್ಲಿಷಿನಲ್ಲಿ ಮೇಲ್ ಬರೆಯುವಾಗ ಇಫ್ ಬಂತು ಅಂದ್ರೆ ಕೈ ನಿಂತುಬಿಡುತ್ತದೆ. ವಿಲ್ ಹಾಕಬೇಕೋ, ವುಡ್ ಹಾಕಬೇಕೋ, ವುಡ್ ಹ್ಯಾವ್ ಹಾಕಬೇಕೋ? ನೀವೆಲ್ಲ ಹೇಗೆ ಕಲಿತಿರಿ, ಸ್ವಲ್ಪ ಹೇಳ್ತೀರಾ?

ಮಂಡ್ಯದ ಟ್ಯೂಷನ್ ಟೀಚರ್: ತಂಗಿ, ಫಸ್ಟ್ ಕಂಡೀಷನಲ್, ಸೆಕೆಂಡ್ ಕಂಡೀಷನಲ್ ಅಂತ ಇಫ್ ವಾಕ್ಯದ ಬಗೆಗಳನ್ನು ಸುಮ್ನೆ ಉರು ಹೊಡೆಯಬೇಡಿ. ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲೇ ಹೇಳಿಕೊಂಡು ಕೊನೆಯ ಕ್ರಿಯಾಪದ ನೋಡಿ. ನಾನು ಮಕ್ಕಳಿಗೆ ಕನ್ನಂಬಾಡಿ ಕಟ್ಟೆ ಇಟ್ಟುಕೊಂಡೇ ಪಾಠ ಮಾಡೋದು. 'ಕಟ್ಟೆ ತುಂಬಿದರೆ ಭತ್ತ ನಾಟಿ ಮಾಡುತ್ತೇವೆ.' ಕೊನೆಯಲ್ಲಿ 'ಮಾಡುತ್ತೇವೆ' ಇದೆ, ಅಂದರೆ ತುಂಬುವ ಸಾಧ್ಯತೆ ಇನ್ನೂ ಇದೆ. ಇಲ್ಲಿ ವಿಲ್. ಇಫ್ ದ ಡ್ಯಾಮ್ ಫಿಲ್ಸ್, ವಿ ವಿಲ್ ಪ್ಲಾಂಟ್ ಪ್ಯಾಡಿ. 'ಇಫ್ ದ ಡ್ಯಾಮ್ ವಿಲ್ ಫಿಲ್' ಅಂತ ಬರೆಯುವವರೇ ಜಾಸ್ತಿ. ನಾಳೆಯ ಮಾತಾದರೂ ಇಫ್ ಪಕ್ಕದಲ್ಲಿ ಫಿಲ್ಸ್ ಸಾಕು.

2023ರಲ್ಲಿ ಮಳೆ ಕೈಕೊಟ್ಟಿತು. ನೀರು ಕಟ್ಟೆ ತುಂಬುವ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. 'ತುಂಬಿದ್ದರೆ ನಾಟಿ ಮಾಡುತ್ತಿದ್ದೆವು' ಅಂದರು ನಾಲೆ ಬಯಲಿನವರು. ಅದು ಮುಗಿದ ಕಥೆ, ಇನ್ನು ಬದಲಾಗಲ್ಲ. ಇಫ್ ದ ಡ್ಯಾಮ್ ಹ್ಯಾಡ್ ಫಿಲ್ಡ್, ವಿ ವುಡ್ ಹ್ಯಾವ್ ಪ್ಲಾಂಟೆಡ್ ಪ್ಯಾಡಿ.

ನಿಜವಾದ ತೊಡಕು ಇವೆರಡರ ನಡುವೆ ಇದೆ. 'ದುಡ್ಡಿದ್ದರೆ ಗದ್ದೆ ತಗೋತಿದ್ದೆ.' ಕನ್ನಡದಲ್ಲಿ ಇದು ಇವತ್ತಿಗೂ ಸರಿ, ಹೋದ ವರ್ಷಕ್ಕೂ ಸರಿ, ಅಲ್ವಾ? ಇಂಗ್ಲಿಷಿನಲ್ಲಿ ಹಾಗೆ ನಡೆಯಲ್ಲ. ಇವತ್ತು ದುಡ್ಡಿಲ್ಲದಿದ್ದರೆ 'ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ'. ಹೋದ ವರ್ಷ ಇರಲಿಲ್ಲ ಅಂದರೆ 'ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಬಾಟ್'. ಹ್ಯಾಡ್ ಎರಡು ಸಲ ಬಂತಲ್ಲ ಅಂತ ಹೆದರಬೇಡಿ, ಸರಿಯಾಗೇ ಇದೆ. ಕನ್ನಡದಲ್ಲಿ 'ತಿದ್ದೆ' ಕಂಡ ಕೂಡಲೇ ಕೇಳಿಕೊಳ್ಳಿ: ಇದು ಈಗಿನ ಮಾತೋ, ಆಗಿ ಹೋದದ್ದೋ? ಈಗಿನದಾದರೆ ವುಡ್, ಆಗಿ ಹೋಗಿದ್ದರೆ ವುಡ್ ಹ್ಯಾವ್.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಿಂದ ಒಬ್ಬರು: ಮೇಡಂ ಚೆನ್ನಾಗಿ ಹೇಳಿದ್ದಾರೆ. ಆಫೀಸ್ ಮೇಲ್‌ನಲ್ಲಿ ಇನ್ನೊಂದು ಇದೆ. ವುಡ್ ಅಲ್ಲಿ ಮರ್ಯಾದೆಗೂ ಬರುತ್ತದೆ. 'ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಸೆಂಡ್ ದ ಬಿಲ್.' ಬಿಲ್ ಬರೋದಿಲ್ಲ ಅಂತಲ್ಲ, ದಯವಿಟ್ಟು ಕಳಿಸಿಕೊಡಿ ಅಂತ. ಆದರೆ ನೀವು ಮಾತು ಕೊಡುವಾಗ ವಿಲ್ಲೇ ಇರಲಿ. 'ಇಫ್ ವಿ ಗೆಟ್ ದ ಪಾರ್ಟ್ಸ್ ಬೈ ಮಂಡೇ, ವಿ ವಿಲ್ ಡೆಲಿವರ್ ಆನ್ ಫ್ರೈಡೇ.' ಇಲ್ಲಿ ವುಡ್ ಬಂದರೆ, ಇವರು ಕೊಡೋದೇ ಅನುಮಾನ ಅಂತ ಕಸ್ಟಮರ್‌ಗೆ ಅನ್ನಿಸುತ್ತದೆ. ದಿನಾಂಕ ಇರುವ ವಾಕ್ಯವನ್ನು ಕಳಿಸುವ ಮುಂಚೆ ಇನ್ನೊಮ್ಮೆ ಓದಿ.

ಮೈಸೂರಿನಿಂದ ಇನ್ನೊಬ್ಬರು: ಖಾತ್ರಿ ಇಲ್ಲದಿದ್ದರೆ ವಿಲ್ ಜಾಗಕ್ಕೆ ಮೈಟ್ ಹಾಕಿ. 'ಇಫ್ ಐ ಗೆಟ್ ಲೀವ್, ಐ ಮೈಟ್ ಕಮ್ ಫಾರ್ ದಸರಾ.' ರಜೆ ಸಿಕ್ಕರೂ ಬರ್ತೀರೋ ಇಲ್ಲವೋ, ಗೊತ್ತಿಲ್ಲ ಅಂತ. ಇನ್ನು 'ಇಫ್ ಐ ವರ್ ಯು', ಅಂದರೆ 'ನಿಮ್ಮ ಜಾಗದಲ್ಲಿ ನಾನಿದ್ದರೆ', ಅನ್ನುವಲ್ಲಿ ಮಾತಾಡುವಾಗ ವಾಸ್ ಅನ್ನುವವರೂ ಇದ್ದಾರೆ. ಮೇಲ್‌ನಲ್ಲಿ, ಪರೀಕ್ಷೆಯಲ್ಲಿ ವರ್ ಅಂತಲೇ ಬರೆಯಿರಿ.